ಗಾದಿಯ ಪಕ್ಕದ ಬಟ್ಟೆ ಕುರ್ಚಿ

ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂರುವ ಮೊದಲು ಜನ ಅದನ್ನು ಒಮ್ಮೆ ಅಂಗೈಯಿಂದ ತಟ್ಟುತ್ತಾರೆ. ನೀವು ಗಮನಿಸಿದ್ದೀರೋ ಇಲ್ಲವೋ. ಕಟ್ಟಿಗೆಯ ಕುರ್ಚಿಗೆ ಈ ಉಪಚಾರವಿಲ್ಲ, ಒಮ್ಮೆ ಊದಿದರೆ ಅದಕ್ಕೆ ತೃಪ್ತಿ. ಪ್ಲಾಸ್ಟಿಕ್ಕಿನದು ಅದನ್ನೂ ಕೇಳುವುದಿಲ್ಲ. ತಟ್ಟಿದ ಮಾತ್ರಕ್ಕೆ ಬಟ್ಟೆ ಕುರ್ಚಿಯೇನೂ ಶುಭ್ರವಾಗುವುದಿಲ್ಲ, ಒಳಗೆ ನೆಮ್ಮದಿಯಾಗಿದ್ದ ಧೂಳು ಮೇಲೆದ್ದು ನಮ್ಮ ಮೂಗಿನ ಯೋಗಕ್ಷೇಮ ವಿಚಾರಿಸಿ ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ, ಅಷ್ಟೇ.

ಈ ತತ್ತ್ವಚಿಂತನೆ ನನಗೆ ಪ್ರಾಪ್ತವಾದದ್ದು ಮೊನ್ನೆ ಹಾವೇರಿಯಲ್ಲಿ. ಹಾವೇರಿ ಜಿಲ್ಲೆಯಾದ ಮೇಲೆ ಅಲ್ಲಿಗೆ ಬಂದ ನವನಾಗರಿಕತೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರೂ ಅವರ ವೇಟಿಂಗ್ ರೂಮಿನ ಬಟ್ಟೆ ಕುರ್ಚಿಗಳೂ ಸೇರಿವೆ. ಬಂದಾಗ ಅವು ಕ್ರೀಮ್ ಕಲರ್ ಇದ್ದವಂತೆ. ಈಗ ಪ್ರತಿ ಕುರ್ಚಿಯಲ್ಲೂ ತಲೆ ಆನುವ ಜಾಗದಲ್ಲಿ ಒಂದೊಂದು ಕಪ್ಪು ಸೂರ್ಯ. ಇದರಲ್ಲಿ ಗುತ್ತಲದ ತಲೆಗಳ ಎಣ್ಣೆ ಎಷ್ಟು, ಕರ್ಜಗಿಯವರದೆಷ್ಟು ಎಂದು ಯಾವ ಲ್ಯಾಬೊರೇಟರಿಯೂ ಬೇರ್ಪಡಿಸಲಾರದು. ನಾನು ಎಂದಿನಂತೆ ಬೆನ್ನು ಕುರ್ಚಿಗೆ ತಾಗದ ಹಾಗೆ ಕೂತಿದ್ದೆ. ಎಲ್ಲರೂ ಬಂದರು, ತಟ್ಟಿದರು, ಕೂತರು. ಒಬ್ಬಳು ಮಾತ್ರ, ಗದ್ದದ ಒಂದು ಪಕ್ಕ ಊದಿಕೊಂಡ ನಡುವಯಸ್ಸಿನ ಹೆಂಗಸು, ಸೀರೆಯ ಅಂಚಿಗೆ ಹೊಲದ ಮಣ್ಣು ಇನ್ನೂ ಹಸಿಯಾಗಿದ್ದವಳು, ನನ್ನ ಪಕ್ಕದ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ ಗೋಡೆಗೆ ಆನಿಕೊಂಡು ನಿಂತುಬಿಟ್ಟಳು. ಕುರ್ಚಿ ಹೊಲಸಾಗಿದೆ ಎಂದೋ, ತನ್ನಿಂದ ಅದು ಹೊಲಸಾದೀತು ಎಂದೋ ತಿಳಿಯಲಿಲ್ಲ. ನನ್ನ ಮನಸ್ಸು ಮಾತ್ರ ಅಷ್ಟರಲ್ಲಿ ಬ್ಯಾಡಗಿಯ ಬಸ್ಸು ಹತ್ತಿಯಾಗಿತ್ತು.

ಎಂಬತ್ತರ ದಶಕದ ಮಾತು. ರಾಣೆಬೆನ್ನೂರಿನಲ್ಲಿ ನಮ್ಮ ಮನೆಯವರು ತೀರಿಕೊಂಡ ಮೇಲೆ ನನ್ನ ಮುಂದೆ ಉಳಿದದ್ದು ಒಂದು ವಿಚಿತ್ರ ಸಮಸ್ಯೆ: ಬೆಳಿಗ್ಗೆ ಹತ್ತು ಗಂಟೆ. ಒಂಬತ್ತರವರೆಗೆ ಮನೆಗೆಲಸ ಕೈ ಹಿಡಿದು ನಡೆಸುತ್ತಿತ್ತು, ಸಂಜೆ ಓಣಿಯ ಹೆಣ್ಣುಮಕ್ಕಳು ಬರುತ್ತಿದ್ದರು. ಆದರೆ ಹತ್ತಕ್ಕೆ ಇಡೀ ಊರು ಎಲ್ಲಿಗೋ ಹೊರಟು ನಿಂತಾಗ ನಾನೊಬ್ಬಳೇ ಎಲ್ಲಿಗೂ ಹೋಗಬೇಕಾಗಿಲ್ಲದವಳಾಗಿ ಬಾಗಿಲಲ್ಲಿ ನಿಂತಿರುತ್ತಿದ್ದೆ. ಆಗ ಒದಗಿದ್ದು ಬ್ಯಾಡಗಿಯ ಗುರುಸಿದ್ದಪ್ಪನವರ ಮೆಣಸಿನಕಾಯಿ ದಲಾಲಿ ಅಂಗಡಿ. ಅವರ ಮಗ ಮಹೇಶ ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದಿ ಬಂದು, ಮುಂಬಯಿ ಮದ್ರಾಸಿನ ವ್ಯಾಪಾರಿಗಳೊಡನೆ ಇಂಗ್ಲಿಷಿನಲ್ಲಿ ಪತ್ರವ್ಯವಹಾರ ನಡೆಸಬೇಕೆಂದು ಹಟ ಹಿಡಿದಿದ್ದ. ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷು, ಇಷ್ಟು ವರ್ಷ ಟ್ರಂಕಿನಲ್ಲಿ ನ್ಯಾಫ್ತಲಿನ್ ಗುಳಿಗೆಯ ಜೊತೆ ಮಲಗಿದ್ದ ರೇಷ್ಮೆ ಸೀರೆಯಂತೆ, ಕೊನೆಗೂ ಹೊರಬಿತ್ತು, ಮೆಣಸಿನಕಾಯಿಯ ಮಧ್ಯೆ.

ಆದರೆ ಅಂಗಡಿಯಲ್ಲಿ ನಾನು ಕೂರುವುದೆಲ್ಲಿ? ದಲಾಲಿ ಅಂಗಡಿಯೆಂದರೆ ಗಾದಿ. ಗೋಡೆಯಿಂದ ಗೋಡೆಗೆ ಹಾಸಿದ ಹತ್ತಿಯ ಗಾದಿ, ಮೇಲೆ ಬಿಳಿಯ ಹೊದಿಕೆ, ಆನಿಕೊಳ್ಳಲು ಲೋಡು. ಅದರ ಮೇಲೆ ಸಾಹುಕಾರರು, ಗುಮಾಸ್ತರು, ರೈತರು ಎಲ್ಲ ಚಕ್ಕಳಮಕ್ಕಳ ಹಾಕಿ ಕೂರುವವರು; ಹೆಣ್ಣುಮಕ್ಕಳು ಗಾದಿ ಏರಿದ್ದನ್ನು ಆ ಪೇಟೆ ಕಂಡಿರಲಿಲ್ಲ. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರಂತೆ ಅಂಗಳದ ಗೋಣಿಚೀಲದ ಮೇಲೆ ಕೂರಿಸಲು ನನ್ನ ಇಂಗ್ಲಿಷ್ ಅಡ್ಡಬರುತ್ತಿತ್ತು. ಮಹೇಶ ಸಮಸ್ಯೆಯನ್ನು ತನ್ನದೇ ಮಾಡರ್ನ್ ರೀತಿಯಲ್ಲಿ ಬಗೆಹರಿಸಿದ: ಹುಬ್ಬಳ್ಳಿಯಿಂದ ಒಂದು ಟೇಬಲ್ಲು, ಟೈಪ್‌ರೈಟರು, ಜೊತೆಗೆ ಅರ್ಧ ಡಜನ್ ಆಫೀಸ್ ಕುರ್ಚಿ ತರಿಸಿದ. ಮೆತ್ತನೆಯ ಫೋಮು, ಅದರ ಮೇಲೆ ಆಕಾಶನೀಲಿ ಬಟ್ಟೆ. ಇಡೀ ಜಗತ್ತಿನಲ್ಲೇ ಅತಿ ಕೆಂಪಾದ ಊರಿಗೆ ಆಕಾಶನೀಲಿ ಬಟ್ಟೆಯ, ಅದೂ ಬಿಚ್ಚಲು ಬಾರದ ಹಾಗೆ ಅಂಟಿಸಿ ಹೊಡೆದ ಕುರ್ಚಿಗಳು.

ಒಂದೇ ಸುಗ್ಗಿ ಸಾಕಾಯಿತು. ರೈತರ ಧೋತರದ ಕೆಂಪು, ವ್ಯಾಪಾರಿಗಳ ಅಂಗೈಯ ಕೆಂಪು, ತಲೆಯ ಕೊಬ್ಬರಿ ಎಣ್ಣೆ, ಬೆವರು, ಚಹಾ, ಎಲೆಯಡಿಕೆ ಎಲ್ಲವೂ ಆ ಆಕಾಶದಲ್ಲಿ ಸಂಧ್ಯಾಕಾಲವನ್ನು ಸೃಷ್ಟಿಸಿ, ಎರಡನೆಯ ಸುಗ್ಗಿಯ ಹೊತ್ತಿಗೆ ಪೂರಾ ಕತ್ತಲಾಯಿತು. ಒಮ್ಮೆ ಮುಂಬಯಿಯ ವ್ಯಾಪಾರಿಯೊಬ್ಬರು ಬಿಳಿ ಪ್ಯಾಂಟಿನಲ್ಲಿ ಬಂದು ಕೂತು, ಹೋಗುವಾಗ ಬ್ಯಾಡಗಿಯ ಸ್ಯಾಂಪಲ್ಲನ್ನು ಹಿಂಬದಿಯಲ್ಲಿ ಹೊತ್ತುಕೊಂಡು ಹೋದರು.

ಹಿರಿಯ ಸಾಹುಕಾರರಿಗೆ ಇಷ್ಟೇ ಬೇಕಾಗಿತ್ತು. ದೀಪಾವಳಿ ಹತ್ತಿರ ಬಂದಿತ್ತು; ಅಂಗಡಿಯ ಲಕ್ಷ್ಮೀಪೂಜೆಗೆ ಗೋಡೆಗೆ ಸುಣ್ಣ, ಗಾದಿಗೆ ಹೊಸ ಹೊದಿಕೆ. ಗುರುಸಿದ್ದಪ್ಪನವರು ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು:

“ಗಾದಿ ಹೊಲಸಾದ್ರ ಅರಿವಿ ತೆಗದು ಅಗಸರಿಗೆ ಕೊಡತೇವಿ. ಈ ನಿನ್ನ ಕುರ್ಚೀದು ಹೆಂಗ ತೆಗೀತಿ, ಕುರಿ ಸುಲದಂಗ ಸುಲೀತಿಯೇನು? ಪೂಜಾ ಹೊತ್ತಿಗೆ ಇವು ಅಂಗಡ್ಯಾಗ ಇರಬಾರದು.”

“ಬಾಯಾರು ಎಲ್ಲಿ ಕುಂದ್ರಬೇಕಪ್ಪಾ?” ಅಂದ ಮಹೇಶ, ನನ್ನ ಕಡೆ ನೋಡಿ.

“ಬಾಯಾರದು ಬರಿಯೂ ಕೆಲಸ. ರಾಣೆಬೆನ್ನೂರಾಗ ಮನ್ಯಾಗ ಕುಂತ ಬರದ್ರೂ ಇಂಗ್ಲೀಷು ಇಂಗ್ಲೀಷ. ತೂಕದ ಖಾದರಸಾಬ ಬಸ್ಸಿನ್ಯಾಗ ಹೋಗಿ ತರತಾನ.”

ಅವರ ಮಾತಿನಲ್ಲಿ ಕಹಿ ಇರಲಿಲ್ಲ, ಅದೇ ಕಷ್ಟ. ಪಗಾರಿಗೆ ಧಕ್ಕೆಯಿಲ್ಲ, ಬಸ್ಸಿನ ನೂಕುನುಗ್ಗಲು ತಪ್ಪುತ್ತದೆ, ನ್ಯಾಯವಾಗಿ ನಾನು ಥ್ಯಾಂಕ್ಸ್ ಹೇಳಬೇಕಾಗಿತ್ತು. ನನಗೆ ಕಣ್ಣ ಮುಂದೆ ಬಂದದ್ದು ಆ ಹತ್ತು ಗಂಟೆ, ಆ ಬಾಗಿಲು. “ಪೂಜಾ ಬರೂದ್ರೊಳಗ ಕುರ್ಚಿ ನಾ ಸ್ವಚ್ಛ ಮಾಡತೇನ್ರಿ,” ಅಂದೆ. ನನ್ನ ದನಿ ಟೈಪ್‌ರೈಟರಿನ ಗಂಟೆಯಂತೆ ಅನವಶ್ಯಕವಾಗಿ ತೀಕ್ಷ್ಣವಾಗಿತ್ತು.

ಸಾಹುಕಾರರು ಟೋಪಿ ಸರಿಮಾಡಿಕೊಂಡರು. “ಮಾಡ್ರಿ. ಆಗಲಿಲ್ಲಂದ್ರ ಕುರ್ಚಿ ಹೊರಗ, ನೀವು ಮನ್ಯಾಗ. ಸಿಟ್ಟ ಆಗಬ್ಯಾಡ್ರಿ ಮತ್ತ.”

ಕಾನ್ವೆಂಟಿನಲ್ಲಿ ನಮಗೆ ಡೊಮೆಸ್ಟಿಕ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಬೆನೆಡಿಕ್ಟಾ ಎರಡು ವಿಷಯಗಳಲ್ಲಿ ಕಟ್ಟುನಿಟ್ಟು. ಒಂದು, ಲೇಡಿಯಾದವಳು ಕುರ್ಚಿಗೆ ಬೆನ್ನು ತಾಗಿಸಬಾರದು. ಇನ್ನೊಂದು, ಕಲೆಯನ್ನು ತಿಕ್ಕಬಾರದು, ಒತ್ತಿ ಹೀರಬೇಕು. ಹೊರಗಿನಿಂದ ಒಳಕ್ಕೆ ಹೋಗಬೇಕು, ಒಳಗಿನಿಂದ ಹೊರಕ್ಕೆ ಬಂದರೆ ಕಲೆ ಲೋಕಸಂಚಾರ ಹೊರಡುತ್ತದೆ. ಆದರೆ ಸಿಸ್ಟರಿಗೆ ಗೊತ್ತಿದ್ದದ್ದು ಇಂಕು, ಗ್ರೇವಿ, ಹೆಚ್ಚೆಂದರೆ ಕ್ಯಾಂಡಲಿನ ಮೇಣ. ಬ್ಯಾಡಗಿಯ ಸಂಗತಿ ಅವರ ನೋಟ್ಸಿನಲ್ಲಿ ಇರಲಿಲ್ಲ.

ಎಲ್ಲಕ್ಕಿಂತ ಮೊದಲು ಒಣಧೂಳು ಹೋಗಬೇಕಲ್ಲ. ಅಂಗಡಿಯ ಎದುರು ಕುರ್ಚಿಗಳನ್ನು ಇಳಿಸಿ, ಗಾದಿ ಬಡಿಯುವ ಕೋಲನ್ನು ತೂಕದ ಖಾದರಸಾಬರ ಕೈಗೆ ಕೊಟ್ಟೆ. ನನ್ನ ವಾರಗೆಯವರು, ತಕ್ಕಡಿಯನ್ನು ಎಷ್ಟು ನಯವಾಗಿ ಹಿಡಿಯುತ್ತಿದ್ದರೋ ನಾಲಿಗೆಯನ್ನು ಅಷ್ಟೇ ಸಡಿಲ ಬಿಟ್ಟವರು. ಅವರು ಒಂದು ಏಟು ಹಾಕಿದ್ದೇ ತಡ, ಎರಡು ಸುಗ್ಗಿಯ ಮೆಣಸಿನ ಪುಡಿ ಒಮ್ಮೆಲೇ ಕೆಂಪು ಮೋಡವಾಗಿ ಎದ್ದು ಗಾಳಿಯ ಜೊತೆ ಓಣಿಯುದ್ದಕ್ಕೂ ಸಾಗಿತು. ಮೊದಲು ನಾವು ಸೀನಿದೆವು, ಆಮೇಲೆ ಪಕ್ಕದ ಅಂಗಡಿ, ಆಮೇಲೆ ಎದುರಿನದು. ಚಕ್ಕಡಿಯ ಎತ್ತೂ ಸೀನಿತು. ಮೆಣಸಿನಕಾಯಿಯನ್ನೇ ಉಸಿರಾಡುವ ಪೇಟೆಗೆ ಸೀನು ತರಿಸಿದ ಕೀರ್ತಿ ನನ್ನದು.

“ಯಾರ್ರೀ ಅದು, ಹಾಡಹಗಲ ಒಗ್ಗರಣಿ ಹಾಕಾಕತ್ತೋರು?” ಎಂದು ಎದುರಿನ ಅಂಗಡಿಯಿಂದ ಕೂಗು ಬಂತು.

“ಕುರ್ಚೀದ ಸಾರು ಮಾಡಾಕತ್ತೇವ್ರಿ, ಬಾಯಾರ ಹುಕುಂ ಐತಿ. ಉಣ್ಣಾಕ ಬರ್ರಿ,” ಅಂದರು ಖಾದರಸಾಬರು, ಕಣ್ಣೊರೆಸಿಕೊಳ್ಳುತ್ತ.

ಧೂಳು ಹೋದ ಮೇಲೆ ಎಣ್ಣೆಯ ಸರದಿ. ಜಿಡ್ಡು ಹೀರಲು ಫ್ರೆಂಚ್ ಚಾಕ್ ಪುಡಿ ಉದುರಿಸಿ ಎಂದಿದ್ದರು ಸಿಸ್ಟರು. ನಾನು ಜೋಳದ ಹಿಟ್ಟು ಉದುರಿಸಿದೆ. ಕುರ್ಚಿಗಳ ಬೆನ್ನಿಗೆ ಹಿಟ್ಟು ಸವರುತ್ತಿದ್ದ ನನ್ನನ್ನು ಸಾಹುಕಾರರು ಗಾದಿಯಿಂದಲೇ ನೋಡಿದರು. “ಖಾರ ಹಚ್ಚೈತಿ, ಎಣ್ಣಿ ಹಚ್ಚೈತಿ, ಈಗ ಹಿಟ್ಟೂ ಬಂತು. ಇನ್ನ ಹಂಚಿನ ಮ್ಯಾಲ ಇಡೂದೊಂದ ಬಾಕಿ.”

ಈ ಹಿಟ್ಟಿನ ಪ್ರಸಂಗದಲ್ಲೇ ನಾನೊಂದು ಸಂಶೋಧನೆ ಮಾಡಿದ್ದು. ಟೇಬಲ್ಲಿನ ಹಿಂದಿನ ಕುರ್ಚಿ ನನ್ನದು. ಅದರಲ್ಲಿ ಬೇರೆ ಯಾರೂ ಕೂರುವ ರೂಢಿ ಇರಲಿಲ್ಲ, ನನ್ನ ಬೆನ್ನಂತೂ ಸಿಸ್ಟರ ಭಯದಿಂದ ಅದಕ್ಕೆ ತಾಗಿದ್ದೇ ಇಲ್ಲ. ಆದರೂ ಉಳಿದೆಲ್ಲ ಕುರ್ಚಿಗಳಿಗಿಂತ ಅದರ ಬೆನ್ನೇ ಹೆಚ್ಚು ಜಿಡ್ಡಾಗಿತ್ತು. ದೊಡ್ಡದೊಂದು ಎಣ್ಣೆಯ ವೃತ್ತ, ಅದರ ಪಕ್ಕದಲ್ಲಿ, ಯಾರೋ ನಿದ್ದೆಯಲ್ಲಿ ಮಗ್ಗುಲಿಗೆ ಹೊರಳಿ ಹಣೆ ಆನಿಸಿದ ಹಾಗೆ, ಮೂರು ಎಳೆಯ ಮಸುಕು ವಿಭೂತಿ. ಮಧ್ಯಾಹ್ನ ನಾನು ಟಪಾಲು ಹಾಕಲು ಪೋಸ್ಟಾಫೀಸಿಗೆ ಹೋಗಿಬರುವಷ್ಟು ಹೊತ್ತು ನನ್ನ ಕುರ್ಚಿಗೆ ಬೇರೊಂದು ಸಂಸಾರವಿತ್ತೆಂದಾಯಿತು. ಅಂಗಡಿಯಲ್ಲಿ ವಿಭೂತಿ ಧರಿಸುವ ಹಣೆ ಒಂದೇ.

ಖಾದರಸಾಬರನ್ನು ಕೇಳಿದೆ. ಅವರು ಸೂರಿನ ಜಂತಿಗಳನ್ನು ಬಹಳ ಆಸಕ್ತಿಯಿಂದ ನೋಡಿದರು. “ನನಗೇನ ಗೊತ್ರಿ ಬಾಯಾರ. ಸಾಹುಕಾರ್ರ ಮೊಣಕಾಲ ಕೇಳ್ರಿ, ಹೇಳಿದ್ರ ಹೇಳತಾವು. ಗಾದೀ ಮ್ಯಾಲಿಂದ ಏಳಬೇಕಾದ್ರ ಖರೇ ಭಾಳ ಮಾತಾಡತಾವು.”

ನಾನು ಆ ವಿಭೂತಿಯ ಮೇಲೆ ಮೃದುವಾಗಿ ಹಿಟ್ಟು ಉದುರಿಸಿದೆ. ಲೋಡಿಗೆ ಆನಿ ಲೋಕವನ್ನಾಳುವವರಿಗೂ ಬೆನ್ನು ನೋಯುತ್ತದೆ. ಅದನ್ನು ಎತ್ತಿ ಆಡಿದರೆ ಆ ಅರ್ಧ ಗಂಟೆಯ ಸುಖವೂ ಅವರಿಗೆ ತಪ್ಪುತ್ತಿತ್ತು.

ಆಮೇಲೆ ಸೋಪಿನ ಪುಡಿಯನ್ನು ಬಕೆಟ್ಟಿನಲ್ಲಿ ಕಡೆದು, ನೀರನ್ನು ಅಲ್ಲೇ ಬಿಟ್ಟು ನೊರೆಯನ್ನಷ್ಟೇ ಎತ್ತಿ, ಅಂಚಿನಿಂದ ನಡುವಿಗೆ ಒತ್ತಿ, ಒಣ ಬಟ್ಟೆಯಿಂದ ಹೀರಿಸಿದೆ. ಕಪ್ಪು ಹೋಯಿತು, ಜಿಡ್ಡು ಹೋಯಿತು. ಕೆಂಪು ಹೋಗಲಿಲ್ಲ. ಹೋಗುವುದಿರಲಿ, ನೀರು ಕಂಡ ಸಂತೋಷಕ್ಕೆ ಅರಳಿ, ನೀಲಿಯ ಮೇಲೆಲ್ಲ ಹರಡಿ, ಕುರ್ಚಿಗಳು ಆರತಿಯ ಕುಂಕುಮದ ನೀರಿನಲ್ಲಿ ಅದ್ದಿ ತೆಗೆದ ಹಾಗಾದವು. ನನ್ನ ಕೈಯೂ ಅದೇ ಬಣ್ಣ, ಬೆರಳುಗಳಲ್ಲಿ ಬೆಂಕಿ. ಅಂದು ರಾಣೆಬೆನ್ನೂರಿನ ಬಸ್ಸಿನಲ್ಲಿ ಉರಿಯುವ ಕೈಗಳನ್ನು ಕಿಟಕಿಯಿಂದ ಹೊರಗೆ ಗಾಳಿಗೆ ಹಿಡಿದು ಕೂತವಳಿಗೆ, ಇನ್ನು ಈ ದಾರಿಯೂ ತಪ್ಪಿತು ಅನ್ನಿಸಿತು.

ಉಪಾಯ ಹೊಳೆದದ್ದು ಮರುದಿನ, ಟೈಪ್ ಮಾಡುವಾಗ. ಕುರ್ಚಿಯಿಲ್ಲದ್ದರಿಂದ ನಿಂತೇ ಟೈಪ್ ಮಾಡುತ್ತಿದ್ದೆ. ಪ್ರತಿ ಪತ್ರದ ಕೊನೆಗೂ ನಾನು ಒಂದು ಭರವಸೆ ಕೊಡುವುದಿತ್ತು: ನಮ್ಮ ಮಾಲನ್ನು ಬಿಸಿಲು ತಾಗದಂತೆ ಇಡಲಾಗಿದೆ, ಆದ್ದರಿಂದ ಬಣ್ಣ ಹಾರಿಲ್ಲ. ಒಣಗಿದ ಮೇಲೂ ಬಿಸಿಲಲ್ಲಿ ಬಿಟ್ಟ ಕಾಯಿ ಬೆಳ್ಳಗಾಗುತ್ತದೆಂದು ಇಡೀ ಪೇಟೆ ಹೆದರುತ್ತದೆ. ಬ್ಯಾಡಗಿಯ ಕೆಂಪಿಗೆ ಇರುವ ಏಕೈಕ ಶತ್ರುವನ್ನು ಎರಡು ವರ್ಷದಿಂದ ಉತ್ತಮ ಇಂಗ್ಲಿಷಿನಲ್ಲಿ ಬರೆಯುತ್ತ ಬಂದವಳು, ಅದು ತಲೆಯ ಮೇಲೇ ಇದೆಯೆಂದು ನೋಡಿರಲಿಲ್ಲ. ಕುರ್ಚಿಗಳು ಮಾಳಿಗೆ ಏರಿದವು. ಊರೆಲ್ಲ ಮಾಲನ್ನು ಬಿಸಿಲಿನಿಂದ ಒಳಗೆ ಎಳೆಯುವಾಗ ನಾವು ಕುರ್ಚಿಗಳನ್ನು ಬಿಸಿಲಿನತ್ತ ತಿರುಗಿಸುತ್ತ ಕೂತೆವು. ದಿನದಿಂದ ದಿನಕ್ಕೆ ಕೆಂಪು ಗುಲಾಬಿಯಾಯಿತು, ಗುಲಾಬಿ ನೆನಪಾಯಿತು. ಪೂಜೆಯ ದಿನ ಕುರ್ಚಿಗಳು ಕೆಳಗಿಳಿದಾಗ ಆಕಾಶ ಮತ್ತೆ ಆಕಾಶವಾಗಿತ್ತು. ಕೊಂಚ ಮಾಸಿದ, ವಯಸ್ಸಾದ ಆಕಾಶ, ನನ್ನ ಹಾಗೆ.

ಗುರುಸಿದ್ದಪ್ಪನವರು ಒಂದೊಂದನ್ನೇ ಬಗ್ಗಿ ನೋಡಿದರು. ತಮ್ಮ ವೃತ್ತವಿದ್ದ ಜಾಗದಲ್ಲಿ ಅವರ ಕಣ್ಣು ತುಸು ನಿಂತಿತೆಂದು ನನ್ನ ಊಹೆ. “ಇರ್ಲಿ,” ಅಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ನಾನು ಗೆದ್ದಿದ್ದೆ. ಆದರೆ ಪೂಜೆಯಾಗಿ, ಮಂದಿ ಸೇರಿ, ಚುರುಮುರಿಯ ತಟ್ಟೆಗಳು ಓಡಾಡತೊಡಗಿದಾಗ ಒಂದು ವಿಪರೀತ ಕಂಡಿತು: ಆ ಕುರ್ಚಿಗಳಲ್ಲಿ ಯಾರೂ ಕೂರುತ್ತಿರಲಿಲ್ಲ. ಕದರಮಂಡಲಗಿಯಿಂದ ಬಂದ ರೈತರು ಕುರ್ಚಿಯನ್ನು ನೋಡುವರು, ತಮ್ಮ ಧೋತರ ನೋಡಿಕೊಳ್ಳುವರು, ಹೊಸ್ತಿಲ ಬಳಿ ನೆಲದ ಮೇಲೆ ಕೂರುವರು. ಹೊಲಸಿದ್ದಾಗ ಧಾರಾಳವಾಗಿ ಕೂತವರೇ. ನಾನಾದರೂ ಕೂರೋಣವೆಂದರೆ ನನಗೂ ಮನಸ್ಸಾಗಲಿಲ್ಲ. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಜಾಗದ ಮುಂದೆ ತಟ್ಟೆ ಹಿಡಿದು ಅತಿಥಿಯ ಹಾಗೆ ನಿಂತೇ ಇದ್ದೆ.

ಗಾದಿಯ ಮೇಲಿನಿಂದ ಸಾಹುಕಾರರು ಇದನ್ನು ನೋಡುತ್ತಿದ್ದರು. ಲೋಡನ್ನು ಅತ್ತ ಸರಿಸಿದರು. ಪಕ್ಕದ ಬಿಳಿಯ ಹೊದಿಕೆಯನ್ನು ಅಂಗೈಯಿಂದ ತಟ್ಟಿದರು.

“ನಿಂತ ನಿಂತ ಕಾಲ ಬ್ಯಾನಿ ಬರತಾವು. ಬಾ, ಕುಂದ್ರ ತಂಗಿ.”

ಖಾದರಸಾಬರ ಕೈಯಲ್ಲಿದ್ದ ಚುರುಮುರಿ ಬಾಯಿಯವರೆಗೆ ಹೋಗಿ ನಿಂತಿತು. ನಾನು ಚಪ್ಪಲಿ ಬಿಟ್ಟು ಗಾದಿ ಏರಿ, ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ ಕೂತೆ. ಅವರು ಮೊಣಕಾಲಿನ ಮೇಲೆ ಕೈಯೂರಿ, ಆ ಮೊಣಕಾಲು ಏನೇನೋ ಮಾತಾಡುತ್ತಿರಲು ಮೆಲ್ಲಗೆ ಎದ್ದರು. ನೇರ ಟೇಬಲ್ಲಿನ ಹಿಂದಿನ ಕುರ್ಚಿಗೆ ಹೋಗಿ, ಟೋಪಿ ತೆಗೆದು, ಎಲ್ಲರೆದುರಿಗೆ ಕೂತು, ಎಣ್ಣೆ ಹಚ್ಚಿದ ತಲೆಯನ್ನು ನಿಧಾನ ಹಿಂದಕ್ಕೆ ಆನಿಸಿದರು.

“ಬಾಯಾರು ತೊಳದಾರ,” ಅಂದರು ಕಣ್ಣು ಮುಚ್ಚಿ. “ಯಾರರೇ ಮೊದಲ ಹೊಲಸ ಮಾಡಬೇಕಲ್ಲ.”

ಆಮೇಲೆ ಕದರಮಂಡಲಗಿಯವರೂ ಎದ್ದು ಬಂದು ಕೂತರು. ನಾನು ಆ ಅಂಗಡಿಯಲ್ಲಿ ಮುಂದೆ ಎಷ್ಟೋ ಸುಗ್ಗಿ ಕಳೆದೆ; ಮಧ್ಯಾಹ್ನ ಪೋಸ್ಟಾಫೀಸಿಗೆ ಹೋಗುವಾಗ ಕುರ್ಚಿಯನ್ನು ಅವರ ಕಡೆ ತುಸು ತಿರುಗಿಸಿಟ್ಟು ಹೋಗುವುದನ್ನು ರೂಢಿ ಮಾಡಿಕೊಂಡೆ. ಈಗ ಅವರೂ ಇಲ್ಲ, ಆ ಕುರ್ಚಿಗಳೂ ಇಲ್ಲ.

ಹಲ್ಲಿನ ಡಾಕ್ಟರ ಬಾಗಿಲು ಇನ್ನೂ ಮುಚ್ಚಿತ್ತು. ಊದಿದ ಗದ್ದದ ಹೆಂಗಸು ಗೋಡೆಗೆ ಆನಿ ಇನ್ನೂ ನಿಂತೇ ಇದ್ದಳು, ಕಾಲು ಬದಲಿಸುತ್ತ. ನಾನು ಪಕ್ಕದ ಕುರ್ಚಿಯನ್ನು ಅಂಗೈಯಿಂದ ತಟ್ಟಿದೆ. ಧೂಳಿಗಾಗಿ ಅಲ್ಲ, ಆದರೂ ಧೂಳು ಎದ್ದಿತು. “ಬಾ, ಕುಂದ್ರ ತಂಗಿ,” ಅಂದೆ. ಅವಳು ತನ್ನ ಸೀರೆಯ ಅಂಚು ನೋಡಿಕೊಂಡಳು, ಆಮೇಲೆ ನನ್ನನ್ನು. ಸೆರಗಿನಿಂದ ಗದ್ದ ಒತ್ತಿ ಹಿಡಿದು ಬಂದು ಕೂತಳು, ತುದಿಯಲ್ಲಿ ಮಾತ್ರ. ಅವಳಿಗೆ ಧೈರ್ಯ ಬರಲಿ ಎಂದು ನಾನು, ಸಿಸ್ಟರ್ ಬೆನೆಡಿಕ್ಟಾ ಕ್ಷಮಿಸಲಿ, ಬೆನ್ನನ್ನು ಹಿಂದಕ್ಕೆ ಬಿಟ್ಟು, ತಲೆಯನ್ನು ಆ ಕಪ್ಪು ಸೂರ್ಯನಿಗೆ ಆನಿಸಿದೆ. ಬಹಳ ಮೆತ್ತಗಿತ್ತು.