ಬಾಡಿದ ಬದನೆಯ ಕುಡಿ

ಹೊಟ್ಟೆಕಿಚ್ಚಿಗೂ ನ್ಯಾಯವಾದ ಕಾರಣ ಇರಬಹುದು ಎಂಬ ಪಕ್ಷದಲ್ಲಿ ನಿಂತು ನಾನು ಮಾತಾಡುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಹೀಗೆ ಶುರುಮಾಡಿದ್ದರೆ ಹಿಂದಿನ ಬೆಂಚಿನವರು ನಗುತ್ತಿದ್ದರು, ತೀರ್ಪುಗಾರರು ತಲೆ ಬಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ತೀರ್ಪುಗಾರಳು ಅವ್ವ ಒಬ್ಬಳೇ. ಅಪ್ಪ ತೀರಿಕೊಂಡ ಮೇಲೆ ಎಲ್ಲ ವ್ಯಾಜ್ಯವೂ ಅವಳ ಮುಂದೆಯೇ ಬರುತ್ತಿತ್ತು. ಅವಳಿಗೆ ಮಾತಿನ ಚಂದ ಬೇಕಿರಲಿಲ್ಲ. ಸಂಜೆ ಹಿತ್ತಲಿನಿಂದ ಮೊರಕ್ಕೆ ಏನು ಬಿತ್ತು ಎಂಬುದಷ್ಟೇ ಬೇಕಿತ್ತು.

ಮನೆ ಹರಿಹರದಲ್ಲಿ, ಹೊಳೆಗೆ ಹತ್ತು ನಿಮಿಷದ ದಾರಿ. ಒಂದು ಪಡಸಾಲೆ, ಒಂದು ಕೋಣೆ, ಅಡಿಗೆಮನೆ, ಬಚ್ಚಲು. ಬಚ್ಚಲ ನೀರು ಹಿತ್ತಲಿನ ನಡುವೆ ಸಣ್ಣ ಕಾಲುವೆಯಾಗಿ ಹರಿದು, ಗೋಡೆಯ ಬುಡದ ನುಗ್ಗೆ ಮರದ ಹತ್ತಿರ ಇಂಗಿಹೋಗುತ್ತಿತ್ತು. ಹೈಸ್ಕೂಲಿನಿಂದಲೂ ಆ ಹಿತ್ತಲು ನನ್ನದು. ನಾಲ್ಕು ಬದನೆ, ಎರಡು ಸಾಲು ಬೆಂಡೆ, ಒಂದು ಹೀರೆ ಬಳ್ಳಿ. ಬೆಳೆ ಅಂಥ ದೊಡ್ಡದೇನಲ್ಲ. ಆದರೆ ಓಣಿಯ ಹೆಂಗಸರಿಗೆ ಅವ್ವ ಅದನ್ನು ತೋರಿಸಿ, ‘ನನ್ನ ಮಗಳು ಬೆಳದದ್ದು, ಬರೇ ಬಾಯಿ ಅಲ್ಲ ಆಕೀದು’ ಎನ್ನುತ್ತಿದ್ದಳು. ಆ ಮಾತು ನನಗೆ ಚರ್ಚೆಯಲ್ಲಿ ಗೆದ್ದ ಯಾವ ಬೆಳ್ಳಿ ಬಟ್ಟಲಿಗೂ ಕಡಿಮೆಯಿರಲಿಲ್ಲ.

ಆಮೇಲೆ ಅಣ್ಣನ ಮದುವೆಯಾಯಿತು. ಅತ್ತಿಗೆ ಕೊಕ್ಕನೂರಿನ ಹೊಲಮನೆಯವಳು, ನನಗಿಂತ ಒಂದೇ ವರ್ಷ ದೊಡ್ಡವಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಂದ ಮೂರನೇ ತಿಂಗಳಿಗೆ ಕಾಲುವೆಯ ಆಚೆ ದಂಡೆಯಲ್ಲಿ, ನಾನು ಕಸ ಒಟ್ಟುತ್ತಿದ್ದ ಜಾಗದಲ್ಲಿ, ಮಡಿ ಮಾಡಿ ಬದನೆ ಸಸಿ ಇಟ್ಟಳು. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ನಾನು ಬೇಡವೆನ್ನಲು ಆರು ಕಾರಣ ಕೊಡುತ್ತಿದ್ದೆ, ನಿಜ. ಆ ವರ್ಷ ಅವಳ ಬದನೆ ಎಷ್ಟು ಬಿಟ್ಟವೆಂದರೆ ಓಣಿಗೆಲ್ಲ ಹಂಚಿದರೂ ಉಳಿದವು. ಹೆಂಗಸರು ಹಿತ್ತಲ ಬಾಗಿಲಿಗೆ ಬಂದು ನಿಲ್ಲತೊಡಗಿದರು. ಅವ್ವನ ವಾಕ್ಯ ಅದೇ ಉಳಿಯಿತು, ಕರ್ತೃ ಬದಲಾದಳು: ‘ನನ್ನ ಸೊಸಿ ಬೆಳದದ್ದು.’

ಅಷ್ಟಕ್ಕೇ ನಿಂತಿದ್ದರೆ ಸಹಿಸುತ್ತಿದ್ದೆನೇನೋ. ಅಣ್ಣ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತ. ನಾನು ಅಲ್ಲಿಯೇ ಕಾಲೇಜಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಒಂದೇ ಪ್ಯಾಸೆಂಜರ್ ಗಾಡಿ, ಅರ್ಧ ಗಂಟೆಯ ಹಾದಿ. ಮದುವೆಗೆ ಮುಂಚೆ ಆ ಅರ್ಧ ಗಂಟೆ ನನ್ನ ತಾಲೀಮಿನ ಕಣ. ನಾನು ಪರವೆಂದರೆ ಅವನು ವಿರೋಧ, ನಾನು ವಿರೋಧವೆಂದರೆ ಅವನು ಪರ. ಎದುರು ಕೂತ ಮಂಡಿಯ ವ್ಯಾಪಾರಿಗಳು ನಾವು ನಿಜಕ್ಕೂ ಜಗಳವಾಡುತ್ತಿದ್ದೇವೆಂದು ಸಮಾಧಾನ ಮಾಡಲು ಬರುತ್ತಿದ್ದರು. ಮದುವೆಯಾದ ಮೇಲೆ ಅವನು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದ. ನಾನು ವಿಷಯ ಹೇಳಿದರೆ ‘ಹ್ಞೂಂ, ಸರಿ ಐತೆ’ ಎನ್ನುತ್ತಿದ್ದ. ಸರಿ ಎನ್ನುವವನ ಜೊತೆ ವಾದ ಮಾಡುವುದು ಹೇಗೆ?

ಒಂದು ಸಂಜೆ ದಾವಣಗೆರೆ ಸ್ಟೇಷನ್ನಿಗೆ ಅವನು ಹೆಗಲ ಮೇಲೆ ಒಂದು ಗೋಣಿಚೀಲ ಹೊತ್ತು ಬಂದ. ಬಿಳಿ ಅಂಗಿಯ ತುಂಬ ಬೂದಿ. ಮಂಡಕ್ಕಿ ಭಟ್ಟಿಯಲ್ಲಿ ಭತ್ತದ ಹೊಟ್ಟು ಉರಿಸಿದ ಬೂದಿ, ಎಲೆಗೆ ಉದುರಿಸಿದರೆ ಹುಳ ಕೂರುವುದಿಲ್ಲವಂತೆ, ಅತ್ತಿಗೆ ಹೇಳಿ ಕಳಿಸಿದ್ದಳು. ಭಟ್ಟಿಯ ಸಾಹೇಬರು ದುಡ್ಡು ಬೇಡವೆಂದರಂತೆ. ಬೂದಿಗೆ ದುಡ್ಡು ಇಸ್ಕೊಂಡ್ರೆ ನನ್ನ ಭಟ್ಟೀನೇ ನಗ್ತೈತೆ ಎಂದರಂತೆ. ಅಣ್ಣ ಇದನ್ನು ಹೇಳಿ ತಾನೇ ನಕ್ಕ. ನನಗೆ ನಗು ಬರಲಿಲ್ಲ. ಹಿಂದೊಮ್ಮೆ ಗ್ರಂಥಾಲಯದ ಐದು ಪುಸ್ತಕ ಹಿಡಿದುಕೋ ಎಂದಾಗ ಗಿರಣಿಯವರು ನೋಡಿದರೆ ಏನಂದಾರು ಎಂದವನು ಇವನೇ.

ಅವಳ ಕ್ರಮಗಳು ಹೀಗಿದ್ದವು. ಇಬ್ಬನಿ ಆರುವ ಮೊದಲೇ ಎದ್ದು, ತೆಳು ಬಟ್ಟೆಯಲ್ಲಿ ಬೂದಿ ಕಟ್ಟಿ, ಎಲೆಯ ಮೇಲೆ ಮೆಲ್ಲಗೆ ಝಾಡಿಸುವುದು. ಎಲೆಗೆ ಹೇನು ಹತ್ತಿದರೆ ಅಂಟುವಾಳದ ನೊರೆ. ಸುಣ್ಣದ ಬೊಟ್ಟಿಟ್ಟ ಮಡಿಕೆಯೊಂದನ್ನು ಕೋಲಿಗೆ ಕವುಚಿ ನಿಲ್ಲಿಸಿದ್ದಳು. ದೃಷ್ಟಿ ತಾಗಬಾರದೆಂದು. ಯಾರ ದೃಷ್ಟಿ ಎಂದು ನಾನು ಕೇಳಲಿಲ್ಲ. ಆ ಹಿತ್ತಲಿನಲ್ಲಿ ದಿನಾ ಎರಡು ಹೊತ್ತು ಅವಳ ಗಿಡ ದಿಟ್ಟಿಸುತ್ತಿದ್ದವಳು ನಾನೊಬ್ಬಳೇ.

ಎಲ್ಲಕ್ಕಿಂತ ಮುಖ್ಯವಾದದ್ದು ಕುಡಿ ಚಿವುಟುವುದು. ಬದನೆ ಗಿಡದಲ್ಲಿ ಎಲ್ಲ ಎಲೆಯೂ ನೆಟ್ಟಗಿದ್ದು ಒಂದು ಕುಡಿ ಮಾತ್ರ ಬಾಡಿ ಜೋತುಬಿದ್ದಿದ್ದರೆ ಅದರೊಳಗೆ ಹುಳ ಇದೆ ಎಂದೇ ಅರ್ಥ. ಅದು ಕುಡಿ ಕೊರೆದು, ಬಲಿತು, ಕಾಯಿಗೆ ಇಳಿಯುತ್ತದೆ. ಅವಳು ಅಂಥ ಕುಡಿಯನ್ನು ಉಗುರಿನಲ್ಲಿ ಚಿವುಟಿ ಉರಿಯುವ ಒಲೆಗೆ ಹಾಕುತ್ತಿದ್ದಳು. ನಾನು ವಿಜ್ಞಾನದ ಪಕ್ಷದವಳು. ಮಂಡಿಪೇಟೆಯ ಅಂಗಡಿಯಿಂದ ಹುಳ ಕೊಲ್ಲುವ ಪುಡಿ ತಂದು ನನ್ನ ಗಿಡದ ಎಲೆಗೆಲ್ಲ ಎರಚಿದೆ. ಅತ್ತಿಗೆ ನೋಡಿ, ಎಲೆ ಮೇಲೆ ಪುಡಿ ಹಾಕಿದ್ರೆ ಒಳಗಿನ ಹುಳಕ್ಕೆ ಹೆಂಗೆ ಗೊತ್ತಾಗ್ಬೇಕು ಎಂದಳು. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದಳು. ಅದಕ್ಕೇ ಹೆಚ್ಚು ಉರಿಯಿತು. ಪುಡಿ ಹಾಕಿದ ಕಾಯಿ ಅಡಿಗೆಮನೆಗೆ ಬರಕೂಡದೆಂದು ಅವ್ವ ಆಜ್ಞೆ ಮಾಡಿದ ಮೇಲೆ ನಾನೂ ಚಿವುಟಲು ಶುರುಮಾಡಿದೆ, ಯಾರೂ ನೋಡದ ಹೊತ್ತಿನಲ್ಲಿ.

ಮದುವೆಯಾಗಿ ಎರಡನೇ ವರ್ಷ ಅಣ್ಣ ಇನ್ನೊಂದು ಕೋಣೆ ಕಟ್ಟಿಸುವ ಮಾತು ತೆಗೆದ. ಜಾಗ ಹಿತ್ತಲಲ್ಲೇ ಆಗಬೇಕು, ಅಂದರೆ ಕಾಲುವೆಯ ಈಚೆಯದೋ ಆಚೆಯದೋ ಒಂದು ಅರ್ಧ ಹೋಗಬೇಕು. ಯಾವ ಅರ್ಧ ಎಂದು ಅವ್ವ ಊಟದ ಹೊತ್ತಿನಲ್ಲಿ ತೀರ್ಮಾನಿಸಿದಳು.

“ಹಬ್ಬದ ಗಣಪ್ಪನ್ನ ಹೊಳೆಗೆ ಕಳಿಸಿದ ಮರುದಿನ ಗೋಡೆ ಕಟ್ಟೋ ಗೌಂಡಿ ಬರ್ತಾನೆ. ಅಷ್ಟರಾಗೆ ಯಾರ ಮಡಿ ಹೆಚ್ಚು ಕೊಡ್ತೈತೋ ಅದು ಉಳೀಲಿ. ಆಮ್ಯಾಲೆ ನನ್ನ ಹತ್ರ ಯಾರೂ ವಾದಕ್ಕೆ ಬರಬ್ಯಾಡ್ರಿ.”

ಕೊನೆಯ ಮಾತು ಯಾರಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಎರಡು ಸಾಲಿನ ಬೆಂಡೆಯನ್ನು ಆರು ಮಾಡಿದೆ. ಅತ್ತಿಗೆ ಎಂದಿನಂತೆ ಬದನೆಯನ್ನೇ ನಂಬಿದಳು. ಶ್ರಾವಣ ಬರುವ ಹೊತ್ತಿಗೆ ಅವಳ ಮಡಿಯ ತುಂಬ ನೀಲಿ ಹೂ. ಸೋಲು ನನಗೆ ಕಾಣುತ್ತಿತ್ತು.

ಪಂಚಮಿಗೆ ಅವಳನ್ನು ಕರೆದೊಯ್ಯಲು ಕೊಕ್ಕನೂರಿನಿಂದ ಎತ್ತಿನ ಗಾಡಿ ಬಂತು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ, ಹನ್ನೊಂದು ದಿನ ಇದ್ದು ಬಾ ಎಂದು ಅವ್ವನೇ ಹೇಳಿದಳು. ಗಾಡಿ ಹತ್ತುವ ಮೊದಲು ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

“ನೀರು ಅತ್ತಿ ಬಿಡ್ತಾರೆ. ಕುಡಿ ಮಾತ್ರ ನೀನು ನೋಡ್ಬೇಕು, ತಂಗಿ. ಬಾಡಿದ್ದು ಕಂಡ್ರೆ ಚಿವುಟಿ ಒಲೆಗೆ ಹಾಕು. ಅಲ್ಲೇ ಒಗೀಬ್ಯಾಡ, ಹುಳ ಮತ್ತೆ ಹತ್ತತೈತೆ. ನಿನಗೊಬ್ಬಾಕಿಗೇ ಇದು ಗೊತ್ತಿರೋದು.”

ಆಯಿತು ಎಂದೆ.

ಎರಡನೇ ದಿನ ಅವಳ ಮಡಿಯಲ್ಲಿ ಒಂದು ಕುಡಿ ಬಾಡಿತ್ತು. ಕಾಲುವೆಯ ಈಚೆ ದಂಡೆಯಲ್ಲಿ ನಿಂತು ಅದನ್ನು ನೋಡಿದೆ. ದಾಟಲು ಒಂದು ಹೆಜ್ಜೆ ಸಾಕಿತ್ತು. ನಾಳೆ ಚಿವುಟಿದರಾಯಿತು ಎಂದುಕೊಂಡೆ. ಮಾರನೇ ದಿನ ಪಂಚಮಿ. ನಮ್ಮ ಕಡೆ ಆ ದಿನ ನೆಲ ಅಗೆಯುವುದಿಲ್ಲ, ಕಾಯಿಪಲ್ಲೆ ಹೆಚ್ಚುವುದಿಲ್ಲ, ಎಲೆ ಚಿವುಟುವುದಿಲ್ಲ, ನಾಗಪ್ಪನಿಗೆ ನೋವಾಗುತ್ತದೆಂದು. ಪ್ರತಿವರ್ಷ ಅದೇ ದಿನ ನಾನು ಬೇಕೆಂದೇ ಈಳಿಗೆಮಣೆ ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ, ಅವ್ವ ಬೈಯುತ್ತಿದ್ದಳು. ಕುರುಡು ನಂಬಿಕೆಗಳ ವಿರುದ್ಧ ಮಾತಾಡಿಯೇ ನಾನು ಕಾಲೇಜಿಗೆ ಬಟ್ಟಲು ಗೆದ್ದುಕೊಟ್ಟವಳು. ಆ ವರ್ಷ ಈಳಿಗೆ ಮುಟ್ಟಲಿಲ್ಲ. ಹಿತ್ತಲಿಗೂ ಹೋಗಲಿಲ್ಲ. ಈ ಸಲ ಏನು, ವಾದ ಇಲ್ಲೇನು ಎಂದು ಅವ್ವ ಕೇಳಿದಳು. ತಲೆನೋವು ಎಂದೆ.

ಪಂಚಮಿಯ ಮರುದಿನ ನಾಲ್ಕು ಕುಡಿ ಬಾಡಿದ್ದವು. ಅದರ ಮರುದಿನ ಎಣಿಸಲಿಲ್ಲ. ಬೆಳಿಗ್ಗೆ ರೈಲಿನಲ್ಲಿ ಅಣ್ಣ, ಆಕಿ ಬದನೆ ಹೆಂಗದಾವು ಎಂದು ಕೇಳಿದ. ಅವನು ತಾನಾಗಿ ನನ್ನನ್ನು ಮಾತಾಡಿಸಿ ಎಷ್ಟೋ ತಿಂಗಳಾಗಿತ್ತು, ಆ ಮಾತೂ ಅವಳ ಬದನೆಯದೇ.

“ಚೆನ್ನಾಗದಾವು,” ಅಂದೆ.

ಏಳನೇ ದಿನ ನನ್ನ ಮಡಿಯ ಬದನೆಯಲ್ಲೂ ಕುಡಿ ಬಾಡಿತು. ಹುಳಕ್ಕೆ ಬಚ್ಚಲ ಕಾಲುವೆ ಯಾವ ಗಡಿ? ನಾನು ತಕ್ಷಣ ಚಿವುಟಿದೆ, ಒಲೆಗೆ ಹಾಕಿದೆ, ಕೈ ತೊಳೆದುಕೊಂಡೆ. ನನ್ನ ಮಡಿಯಲ್ಲಿ ಮಾತ್ರ.

ಹನ್ನೊಂದು ದಿನ ಕಳೆದು ಅತ್ತಿಗೆ ತವರಿನಿಂದ ಮಡಿಲ ತುಂಬ ಪಂಚಮಿಯ ಸಿಹಿ ಉಂಡಿ ತಂದಳು. ಅವನ್ನು ಅವ್ವನ ಕೈಗೆ ಕೊಟ್ಟು ನೇರ ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾವು ಹೋಗಿ ನೋಡಿದಾಗ ಸೆರಗಿನ ತುಂಬ ಬಾಡಿದ ಕುಡಿ ಹಿಡಿದು ನಿಂತಿದ್ದಳು. ಒಂದು ಎಳೆಗಾಯಿ ಸೀಳಿ ಅವ್ವನಿಗೆ ತೋರಿಸಿದಳು. ಒಳಗೆಲ್ಲ ಕಪ್ಪು ಹಿಕ್ಕೆ, ನಡುವೆ ಗುಲಾಬಿ ಬಣ್ಣದ ಹುಳ. ಚಿವುಟಲಿಲ್ಲೇನು ಎಂದು ನನ್ನನ್ನು ಕೇಳಿದಳು.

“ಪಂಚಮಿ ಇತ್ತಲ್ಲ,” ಎಂದೆ. “ಚಿವುಟಬಾರದಲ್ಲ.”

ಅಣ್ಣ ಗಟ್ಟಿಯಾಗಿ ನಕ್ಕುಬಿಟ್ಟ. ನಾನು ತಮಾಷೆ ಮಾಡುತ್ತಿದ್ದೇನೆಂದು ಅವನು ತಿಳಿದಿದ್ದ. ಅತ್ತಿಗೆ ನಗಲಿಲ್ಲ.

“ಪಂಚಮಿ ಒಂದು ದಿನ, ತಂಗಿ,” ಅಂದಳು. “ನಾನು ಹೋಗಿದ್ದು ಹನ್ನೊಂದು ದಿನ.”

ಎಷ್ಟೋ ವೇದಿಕೆ ಹತ್ತಿದ್ದೇನೆ. ಇಷ್ಟು ಸಣ್ಣ ಖಂಡನೆಯನ್ನು ನನ್ನ ಎದುರು ಯಾರೂ ಮಂಡಿಸಿರಲಿಲ್ಲ. ಅವ್ವ ಕಾಲುವೆ ದಾಟಿ ನನ್ನ ಬದನೆ ಗಿಡದ ಹತ್ತಿರ ಬಗ್ಗಿ, ನಾನು ಚಿವುಟಿದ ಮೋಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎದ್ದು ಒಳಗೆ ಹೋದಳು. ಅಣ್ಣನ ನಗು ಅಷ್ಟು ಹೊತ್ತಿಗೆ ನಿಂತಿತ್ತು.

ಗಣಪತಿ ಹಬ್ಬದವರೆಗೂ ಅವನು ರೈಲಿನಲ್ಲಿ ಬೇರೆ ಡಬ್ಬಿಗೆ ಹತ್ತಿದ. ಒಂದು ದಿನ ಮಾತ್ರ, ಇಳಿಯುವಾಗ ಸಿಕ್ಕವನು, ನೀನು ಚಿವುಟದಿದ್ದದ್ದು ಹೋಗ್ಲಿ, ನಾನು ಕೇಳಿದಾಗ ಚೆನ್ನಾಗದಾವು ಅಂದ್ಯಲ್ಲ ಎಂದು ಹೇಳಿ ಹೋದ. ಅತ್ತಿಗೆ ನನ್ನನ್ನು ಬೈಯಲಿಲ್ಲ, ಮಾತು ಬಿಡಲಿಲ್ಲ, ನನ್ನ ತಟ್ಟೆಗೆ ತುಪ್ಪ ಕಡಿಮೆ ಹಾಕಲಿಲ್ಲ. ಅದನ್ನೂ ನಾನು ಅವಳ ಲೆಕ್ಕದಲ್ಲಿ ಒಂದು ಅಪರಾಧವೆಂದೇ ಹಿಡಿದೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ದಿನಾ ಬೆಳಿಗ್ಗೆ ಚಿವುಟಿ ಚಿವುಟಿ ಅವಳು ಗಿಡಗಳನ್ನು ಬದುಕಿಸಿದಳು. ಹೊಸ ಚಿಗುರು ಬಂತು. ಆದರೆ ಕಾಯಿಗೆ ಹೊತ್ತು ಮೀರಿತ್ತು. ನನ್ನ ಬೆಂಡೆ ದಿನಬಿಟ್ಟು ದಿನ ಮೊರ ತುಂಬುತ್ತಿತ್ತು.

ಗಣಪ್ಪನನ್ನು ಹೊಳೆಗೆ ಬಿಟ್ಟು ಬಂದ ಮರುದಿನ ಗೌಂಡಿ ಬಂದ. ಯಾವ ಕಡೆ ಎಂದು ಕೇಳಿದ. ಅವ್ವ ನನ್ನ ಮುಖ ನೋಡಲಿಲ್ಲ.

“ಮಾತು ಅಂದ್ರೆ ಮಾತು. ಮಗಳ ಮಡೀನೇ ಹೆಚ್ಚು ಕೊಟ್ಟೈತೆ. ಸೊಸೀದು ತೆಗೀರಿ.”

ನಾನು ಗೆದ್ದಿದ್ದೆ. ಗೌಂಡಿ ಅತ್ತಿಗೆಯ ಮಡಿಯ ಮೂಲೆಗೆ ಗೂಟ ಹೊಡೆದು ಹುರಿ ಕಟ್ಟಲು ಶುರುಮಾಡಿದ. ಅವಳು ಸಲಿಕೆ ತಂದು, ಚಿಗುರಿದ ಗಿಡಗಳನ್ನು ಬೇರಿನ ಮಣ್ಣಿನ ಸಮೇತ ಕೀಳತೊಡಗಿದಳು. ಎಲ್ಲಿ ಇಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಒಂದನ್ನು ಕೈಯಲ್ಲಿ ಹಿಡಿದು ಅತ್ತ ಇತ್ತ ನೋಡುತ್ತಿದ್ದಳು.

ನನಗೆ ಕನಿಕರ ಉಕ್ಕಿತೆಂದು ಬರೆದರೆ ಸುಳ್ಳಾಗುತ್ತದೆ. ಎದುರು ಪಕ್ಷದವರ ಟಿಪ್ಪಣಿ ಕದ್ದು ಗೆದ್ದವರನ್ನು ನಾನು ಕಂಡಿದ್ದೇನೆ, ಬಟ್ಟಲು ಹಿಡಿದುಕೊಂಡು ಅವರು ಹೇಗೆ ನಿಲ್ಲುತ್ತಾರೆಂಬುದನ್ನೂ ನೋಡಿದ್ದೇನೆ. ಹಾಗೆ ನಿಲ್ಲುವುದು ನನಗೆ ಆಗಲಿಲ್ಲ, ಅಷ್ಟೆ.

“ಗೌಂಡಿ, ಗೂಟ ಕೀಳ್ರಿ,” ಅಂದೆ. “ನನ್ನ ಕಡೆ ಕಟ್ರಿ.”

“ಯಾಕ? ಗೆದ್ದಾಕಿ ನೀನು,” ಅವ್ವ ಅಂದಳು.

“ಎರಡನೇ ದಿನಾನೇ ಬಾಡಿದ್ದು ಕಂಡಿತ್ತು, ಅವ್ವ. ಬೇಕಂತನೇ ಬಿಟ್ಟೆ.”

ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೂ ಬಾಯಿಂದ ಹೊರಗೆ ಬಂದಾಗ ಗೌಂಡಿಯೂ ಹುರಿ ಹಿಡಿದವನು ಹಿಡಿದ ಹಾಗೇ ನಿಂತ. ಅವ್ವ ಅವನಿಗೆ ಕೈಸನ್ನೆ ಮಾಡಿ ಕಾಲುವೆಯ ಈಚೆ ಬದಿ ತೋರಿಸಿದಳು. ಅಣ್ಣ ತಾನೇ ಬಂದು ಗೂಟ ಕಿತ್ತ.

ಬೆಂಡೆ ಗಿಡಗಳನ್ನು ಗುದ್ದಲಿ ಮುಟ್ಟುವ ಮೊದಲು ಇದ್ದಬದ್ದ ಕಾಯಿ ಬಿಡಿಸಿಕೊಳ್ಳಬೇಕಿತ್ತು. ನಾನು ಒಂದು ಸಾಲಿನಲ್ಲಿ ಶುರುಮಾಡಿದೆ. ಅತ್ತಿಗೆ ಕೈಲಿದ್ದ ಬದನೆ ಗಿಡವನ್ನು ಅದರ ಕುಣಿಗೇ ಮತ್ತೆ ಇಟ್ಟು, ಮಣ್ಣು ಒತ್ತಿ, ಕಾಲುವೆ ದಾಟಿ ಬಂದು ಪಕ್ಕದ ಸಾಲು ಹಿಡಿದಳು. ಉಪಕಾರವಾಯಿತೆಂದಾಗಲಿ, ಹೋಗಲಿ ಬಿಡು ಎಂದಾಗಲಿ ಅನ್ನಲಿಲ್ಲ. ನಾನು ಎರಡೂ ಕೈಯಿಂದ ಎಳೆದು, ಕಾಂಡದ ಸಿಪ್ಪೆ ಸುಲಿದು, ಗಿಡ ಅಲ್ಲಾಡಿಸಿ ಒಂದು ಕಾಯಿ ಕೀಳುವಷ್ಟರಲ್ಲಿ ಅವಳು ಒಂದೇ ಕೈಯಲ್ಲಿ ನಾಲ್ಕು ಕಿತ್ತು ಮೊರಕ್ಕೆ ಹಾಕುತ್ತಿದ್ದಳು. ಗಿಡ ಅಲುಗುತ್ತಲೂ ಇರಲಿಲ್ಲ. ನಾಳೆ ಇಲ್ಲದ ಗಿಡದ ಮೇಲೆ ಆ ನಯ ಯಾತಕ್ಕೆ? ನನ್ನ ಗಿಡ, ನನ್ನ ಕಾಯಿ, ಅಲ್ಲಿಯೂ ಅವಳದೇ ಕೈ ಮೇಲು. ಹೊಟ್ಟೆ ಮತ್ತೆ ಉರಿಯಿತು. ಮುಚ್ಚಿಡುವುದಿಲ್ಲ.

ಅರ್ಧ ಸಾಲು ಮುಗಿಯುವವರೆಗೂ ತಡೆದುಕೊಂಡೆ.

“ಅತ್ಗೆ, ಅದನ್ನ ಹೆಂಗ್ ಕೀಳ್ತೀರಿ?”

ಅವಳು ನನ್ನ ಕಡೆ ನೋಡದೆಯೇ ನನ್ನ ಕೈ ಹಿಡಿದು ಒಂದು ತೊಟ್ಟಿನ ಮೇಲಿಟ್ಟಳು, ಹೆಬ್ಬೆರಳನ್ನು ಸ್ವಲ್ಪ ಕೆಳಗೆ ಜರುಗಿಸಿದಳು.

“ಎಳೀಬ್ಯಾಡ,” ಅಂದಳು. “ಬಗ್ಗಿಸು.”