ದೀದಿಯ ಬೆಳಗಿನ ಬಕೆಟ್

ಸೇನೆಯಲ್ಲಿ ಇಪ್ಪತ್ತು ವರ್ಷ ನಾನು ಮಾಡಿದ್ದು ಗುಮಾಸ್ತನ ಕೆಲಸ. ಆದರೆ ನಿವೃತ್ತನಾಗಿ ಗಾಜಿಯಾಬಾದಿನ ಈ ಟ್ರ್ಯಾಕ್ಟರ್ ಬಿಡಿಭಾಗದ ಕಂಪನಿಗೆ ಮ್ಯಾನೇಜರ್ ಆಗಿ ಸೇರಿದ ಮೇಲೆ ಲಿಫ್ಟ್ ನಿಂತರೂ ನಾನೇ, ಕೋತಿ ನುಗ್ಗಿದರೂ ನಾನೇ. "ಫೌಜಿ ಸಾಬ್‌ಗೆ ಎಲ್ಲಾ ಗೊತ್ತು" ಅನ್ನುತ್ತಿದ್ದರು ಮಾಲೀಕರು. ನಾನೂ ಜಂಬಕ್ಕೆ ಇಲ್ಲ ಅನ್ನಲಿಲ್ಲ.

ನಮ್ಮ ವ್ಯಾಪಾರವೆಲ್ಲ ಫೋನಿನ ಮೇಲೆ. ಹದಿನಾರು ಮೇಜಿಗೆ ಹದಿನಾರು ಫೋನು, ಅವನ್ನೆಲ್ಲ ಜೋಡಿಸುವ ಪೆಟ್ಟಿಗೆಯೊಂದು ಗೋಡೆಯ ಮೇಲೆ, ಅದರ ಕೆಳಗೆ ನಮ್ಮ ಟೆಲಿಫೋನ್ ಆಪರೇಟರ್ ದೀದಿಯ ಕುರ್ಚಿ. ದೀದಿಗೆ ಕಣ್ಣು ಕಾಣಿಸದು. ಆ ಕಡೆಯಿಂದ ಒಂದು "ಹಲೋ" ಬಂದರೆ ಸಾಕು, ಮೀರತ್ತಿನವರೋ ಹಾಪುಡದವರೋ ಗುರುತು ಹಿಡಿದು, ಮಗಳ ಮದುವೆ ಗೊತ್ತಾಯಿತಾ ಅಂತಲೂ ವಿಚಾರಿಸಿ, ಸರಿಯಾದ ಮೇಜಿಗೆ ಕೊಡುತ್ತಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಇಬ್ಬರ ಊಟವೂ ಆ ಕುರ್ಚಿಯಿಂದಲೇ.

ನಾನು ಸೇರಿದ ಹೊಸತು. ಒಂದು ಬೆಳಿಗ್ಗೆ ಫೋನು ಬಡಕೊಳ್ಳುತ್ತಿದೆ, ಕುರ್ಚಿ ಖಾಲಿ. ಹುಡುಕಿದರೆ ದೀದಿ ಹಿತ್ತಲಲ್ಲಿ ಸೂರ್ಯನಿಗೆ ಮುಖಮಾಡಿ ನಿಂತು, ಬಕೆಟ್ಟಿನಿಂದ ನಿಧಾನವಾಗಿ ನೆಲಕ್ಕೆ ನೀರು ಬಿಡುತ್ತಿದ್ದಾರೆ. ಈ ಊರಲ್ಲಿ ಬಾಲ್ಕನಿ ಬಾಲ್ಕನಿಯಲ್ಲೂ ಸೂರ್ಯನಿಗೆ ನೀರು ಕೊಡುವವರನ್ನು ದಿನಾ ನೋಡುತ್ತಿದ್ದೆನಲ್ಲ, ಇದೂ ಅದೇ ಅಂದುಕೊಂಡೆ. "ದೀದಿ, ಪೂಜೆಯೆಲ್ಲ ಮನೆಯಲ್ಲಿ ಮುಗಿಸಿ ಬನ್ನಿ. ಇದು ಆಫೀಸು!" ಅಂತ ಎಲ್ಲರಿಗೂ ಕೇಳುವಂತೆ ಗದರಿದೆ. "ಸರ್‌ಜೀ, ಅದು..." ಅಂದರು. "ಅದೂ ಇಲ್ಲ ಇದೂ ಇಲ್ಲ" ಅಂದೆ. ಅಯ್ಯೋ, ಎಂಥ ಬಾಯಿ ನನ್ನದು! ಮರುದಿನದಿಂದ ಬಕೆಟ್ ಮೂಲೆ ಸೇರಿತು.

ಏಪ್ರಿಲ್‌ನಲ್ಲಿ ಪೆಟ್ಟಿಗೆಯೊಳಗಿನ ಕಾರ್ಡ್ ಸುಟ್ಟಿತು. ಎಂಟು ಫೋನು ಸತ್ತವು. ರಿಪೇರಿಯವನು ಬಂದ, ಹೊಸ ಕಾರ್ಡ್ ಹಾಕಿದ, ಹತ್ತೇ ದಿನಕ್ಕೆ ಅದೂ ಹೋಯಿತು. ಸ್ಟೆಬಿಲೈಸರ್ ಬದಲಾಯಿಸಿದೆವು. ಎಸಿ ನೀರು ತೊಟ್ಟಿಕ್ಕುತ್ತದೇನೋ ಅಂತ ಪೆಟ್ಟಿಗೆಯನ್ನೇ ಪಕ್ಕದ ಗೋಡೆಗೆ ಸರಿಸಿದೆವು. ಇಲಿ ಕಡಿದಿದೆಯೇನೋ ಅಂತ ನಾನು, ಐವತ್ತೈದು ದಾಟಿದವನು, ಟಾರ್ಚ್ ಹಿಡಿದು ಮೇಜಿನಡಿ ತೆವಳಿದೆ. ಮೂರನೇ ಕಾರ್ಡ್ ಕೂಡ ಸುಟ್ಟ ವಾಸನೆ ಬಿಟ್ಟಾಗ ನನ್ನ ತಲೆ ಕೆಟ್ಟು ಹೋಯಿತು. ಅವತ್ತೇ ದೀದಿ ಗೋಡೆ ಹಿಡಿದುಕೊಂಡು ನನ್ನ ಮೇಜಿನವರೆಗೆ ಬಂದು, "ಸರ್‌ಜೀ, ಒಂದು ಮಾತು" ಅಂದರು. "ಆಮೇಲೆ ದೀದಿ, ಕೈಮುಗೀತೀನಿ" ಅಂದೆ. ಆ "ಆಮೇಲೆ" ಬರಲೇ ಇಲ್ಲ.

ಮಾಲೀಕರು ಹೇಳಿಬಿಟ್ಟಿದ್ದರು: ಇನ್ನೊಂದು ಸಲ ಸುಟ್ಟರೆ ಪೆಟ್ಟಿಗೆ ಗುಜರಿಗೆ, ಬದಲಿಗೆ ಒಂದು ಒತ್ತಿ ಎರಡು ಒತ್ತಿ ಅನ್ನುವ ಮಶೀನು. ಅಂದರೆ ದೀದಿಯ ಕುರ್ಚಿಯೂ ಹೋದಂತೆ. ನಾನು ದಿನಾ ಬಂದವನೇ ಪೆಟ್ಟಿಗೆಗೆ ಕೈ ಇಟ್ಟು ಬಿಸಿ ನೋಡುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ಅದಕ್ಕಿಂತ ಹೆಚ್ಚು ಏನು ಮಾಡಬೇಕೆಂದು ದೇವರಾಣೆ ಗೊತ್ತಿರಲಿಲ್ಲ. ಮೇ ಕೊನೆಯ ವಾರ ನಾಲ್ಕನೆಯದೂ ಸುಟ್ಟಿತು. ದೀದಿ ತಮ್ಮ ಹೆಡ್‌ಫೋನನ್ನು ವೈರು ಸುತ್ತಿ, ಒರೆಸಿ, ನನ್ನ ಕೈಗೆ ಕೊಟ್ಟು ಹೋದರು.

ಹೊಸ ಮಶೀನೂ ಎರಡೇ ವಾರಕ್ಕೆ ಮುಷ್ಕರ ಹೂಡಿತು. ಈ ಸಲ ಬಂದ ಎಲೆಕ್ಟ್ರಿಷಿಯನ್ ಮಶೀನು ಮುಟ್ಟಲೇ ಇಲ್ಲ, ಸೀದಾ ಹಿತ್ತಲಿಗೆ ನಡೆದ. ದೀದಿ ನಿಲ್ಲುತ್ತಿದ್ದ ಜಾಗದಲ್ಲಿ ಮಣ್ಣು ಕೆರೆದರೆ ಒಂದು ಪೈಪಿನ ಬಾಯಿ. ಅದು ಅರ್ಥಿಂಗ್ ಗುಂಡಿ ಅಂದ. ಉಪ್ಪು, ಇದ್ದಿಲು ತುಂಬಿ ತಂತಿ ಹೂತಿರುತ್ತಾರೆ. ಅದು ಒದ್ದೆಯಾಗಿದ್ದರೆ ಹೆಚ್ಚಿನ ಕರೆಂಟ್ ನೆಲಕ್ಕಿಳಿಯುತ್ತದೆ, ಒಣಗಿದರೆ ಮಶೀನನ್ನೇ ಸುಡುತ್ತದೆ. "ಇದಕ್ಕೆ ದಿನಾ ನೀರು ಹಾಕುವವರು ಯಾರೂ ಇರಲಿಲ್ಲವಾ, ಸಾಬ್?" ಅಂತ ಕೇಳಿದ.

ಮಾಲೀಕರ ಮುಂದೆ ಎಲ್ಲಾ ಒಪ್ಪಿಕೊಂಡೆ, ದೀದಿಯನ್ನು ವಾಪಸ್ ಕರೆಸೋಣ ಅಂತ ಗೋಗರೆದೆ. "ಅಚ್ಛಾ, ಈಗ ಮಶೀನೇ ಮಾತಾಡುತ್ತಲ್ಲ ಫೌಜಿ ಸಾಬ್" ಅಂದು ಫೈಲು ತೆಗೆದರು.

ದೀದಿಗೆ ಫೋನು ಮಾಡಿದೆ. ನಾನು ಉಸಿರೆಳೆದುಕೊಳ್ಳುವಷ್ಟರಲ್ಲೇ, "ಹೇಳಿ ಸರ್‌ಜೀ" ಅಂದರು. ತಪ್ಪಾಯಿತು ಅಂದೆ, ಗುಂಡಿಯ ವಿಷಯ ಹೇಳಿದೆ.

"ಪೆಟ್ಟಿಗೆ ಕೂರಿಸಿದ್ದ ಹಳೇ ಇಂಜಿನಿಯರ್ ಹೋಗುವಾಗ ನನಗೆ ಒಪ್ಪಿಸಿದ್ದ ಕೆಲಸ ಅದು. ಈಗ ಯಾರು ಹಾಕ್ತಾರೆ?" ಅಂತ ಕೇಳಿದರು.

"ನಾನೇ ದೀದಿ. ದಿನಾ ಒಂದು ಬಕೆಟ್."

"ಜೂನ್‌ನಲ್ಲಿ ಒಂದು ಸಾಲದು ಸರ್‌ಜೀ," ಅಂದರು. "ಎರಡು ಹಾಕಿ."