ಬಫ್ ಹೊಡೆಸಿಕೊಂಡ ಹಕ್ಕಿ

ಜೇಬಿಗೊಂದು ಮೊಬೈಲು ಬಂದ ಮೇಲೆ ಹೊಸೂರಿನಲ್ಲಿ ಯಾರೂ ಯಾರನ್ನೂ ಗಂಟೆ ಎಷ್ಟೆಂದು ಕೇಳುವುದಿಲ್ಲ, ನನ್ನ ಮಣಿಕಟ್ಟನ್ನು ಕಂಡವರು ಮಾತ್ರ "ಇದು ಓಡುತ್ತಾ?" ಎಂದು ಕೇಳುತ್ತಾರೆ. ಓಡುತ್ತದೆ ಮಹಾಶಯರೇ, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಾ ಓಡುತ್ತದೆ. ವಿಮಾನದ ಮೆಟ್ಟಿಲನ್ನೇ ಹತ್ತದ, ಸೂಳಗಿರಿಯ ತಿರುವಿನಲ್ಲಿ ಬಸ್ಸು ವಾಲಿದರೂ ಕಣ್ಣು ಮುಚ್ಚಿಕೊಳ್ಳುವ ನನಗೆ, ವಿಮಾನ ಚಾಲಕರು ಕಟ್ಟುತ್ತಿದ್ದ ಹಳೆಯ ಕೈಗಡಿಯಾರಗಳನ್ನು ಕೂಡಿಡುವ ಹುಚ್ಚು.

ಇವುಗಳ ಗುಣದೋಷ ನೋಡುವುದೆಂದರೆ ಹೊಳಪು ನೋಡುವುದಲ್ಲ, ಓದುಗ ಮಿತ್ರರೇ. ಡಯಲ್ಲಿನ ಬಣ್ಣ ಮೂಲದ್ದೇ, ಕತ್ತಲಲ್ಲಿ ಕಾಣಲೆಂದು ಮುಳ್ಳಿಗೂ ಅಂಕಿಗಳಿಗೂ ಬಳಿದ ಲೇಪ ಒಂದೇ ಸಮನಾಗಿ ಮಾಗಿದೆಯೇ, ಕವಚದ ಅಂಚು ಇನ್ನೂ ಚೂಪಾಗಿದೆಯೇ ಎಂದು ಭೂತಗನ್ನಡಿ ಹಿಡಿದು ಪರಿಶೀಲಿಸಬೇಕು. ಗೀರುಗಳಿದ್ದರೆ ಇರಲಿ, ಅವು ಗಡಿಯಾರ ಬಾಳಿ ಬದುಕಿದ್ದಕ್ಕೆ ಸಾಕ್ಷಿ. ಉಜ್ಜಿ ಮಿರುಗಿಸಿದ್ದನ್ನು ನಾನು ಮುಟ್ಟುವುದೂ ಇಲ್ಲ.

ನನ್ನ ಸಂಗ್ರಹದ ಕಣ್ಮಣಿಯನ್ನು ಕೊಟ್ಟವರು ಬೇರಿಕೆಯ ಬಳಿ ಗುಲಾಬಿ ಬೆಳೆಯುತ್ತಿದ್ದ ಒಬ್ಬ ನಿವೃತ್ತ ಪೈಲಟ್. ಮೊದಲ ಸಲ ಒಬ್ಬರೇ ಹಾರಿ ಇಳಿದ ದಿನ ಅದರ ಬೆನ್ನಿಗೆ ಸೂಜಿಯಿಂದ ಪುಟ್ಟ ಹಕ್ಕಿಯೊಂದನ್ನು ಕೊರೆದಿದ್ದರಂತೆ. ನೋಡಲು ಕೋಳಿಯ ಹಾಗಿತ್ತು. "ಇದೊಂದನ್ನ ಅಳಿಸ್ಬೇಡಪ್ಪ" ಎಂದು ಕೈಗಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ನನಗುಳಿದದ್ದು ಆ ಕೋಳಿಯೇ.

ಆಯುಧಪೂಜೆಯ ದಿನ ನಾನು ದುಡಿಯುವ ಕಾರ್ಖಾನೆಯಲ್ಲಿ ಯಂತ್ರ ತೊಳೆಯುವ ಸಂಭ್ರಮ. ನೀರು ತಾಗದಿರಲೆಂದು ಆ ಹಕ್ಕಿಯ ಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟದ್ದೇ ನನ್ನ ಅಪರಾಧ. ಮರಳಿ ಬಂದರೆ ಅದು ಸ್ಪ್ಯಾನರು, ಸುತ್ತಿಗೆಗಳ ಸಾಲಿನಲ್ಲಿ ಕುಂಕುಮವಿಟ್ಟುಕೊಂಡು ಹೊಸ ಸ್ಟೀಲ್ ಲೋಟದಂತೆ ಫಳಫಳ ಹೊಳೆಯುತ್ತಿತ್ತು. ಪಾಲಿಶ್ ವಿಭಾಗದ ಮುನಿರಾಜು ಅದನ್ನು ಲೋಹ ಉಜ್ಜಿ ಹೊಳಪೇರಿಸುವ ಬಫಿಂಗ್ ಚಕ್ರಕ್ಕೆ ಹಿಡಿದಿದ್ದ. ತಿರುಗಿಸಿ ನೋಡಿದೆ. ಹಕ್ಕಿ ಇರಲಿಲ್ಲ.

ಮಂಗಳಾರತಿಯ ಹೊತ್ತೆಂಬುದನ್ನೂ ಮರೆತು ಕೂಗಾಡಿದೆ. ಇದೇನು ಬುದ್ಧಿ, ಪರರ ವಸ್ತು ಮುಟ್ಟುವ ಮುನ್ನ ಒಂದು ಮಾತು ಕೇಳಬಾರದೇ? ಈಗಲೂ ನೆನೆದರೆ ಮೈ ಉರಿಯುತ್ತದೆ. ಅವನು ಕಣ್ಣು ಕಣ್ಣು ಬಿಟ್ಟು ನಿಂತ.

"ಅಲ್ಲ ಸಾ, ಕೂದ್ಲೆಳೆಯಷ್ಟು ಗೀರಿದ್ರೂ ರಿಜೆಕ್ಟ್ ಅಂತ ಅನ್ನೊಂದು ವರ್ಸದಿಂದ ನನ್ ಪೀಸೆಲ್ಲ ವಾಪಸ್ ಮಾಡೋರು ನೀವೇ ಅಲ್ವಾ? ನಿಮ್ ವಾಚೇ ಅಂಗಿದ್ರೆ ಎಂಗೆ ಸಾ? ಅಬ್ಬದ ದಿನ ಅಂತ ಬಫ್ ಒಡ್ದುಬುಟ್ಟೆ."

ಹೌದು, ಆ ಕಾರ್ಖಾನೆಯ ತಪಾಸಣಾಧಿಕಾರಿ ನಾನೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆ ಸಿಟ್ಟು ಇನ್ನೂ ಇಳಿದಿಲ್ಲ. ಈಗ ಆ ಗಡಿಯಾರವನ್ನು ಕಟ್ಟಿಕೊಂಡು ಹೊರಟ ದಿನ ಓಡುತ್ತಾ ಎಂದು ಯಾರೂ ಕೇಳುವುದಿಲ್ಲ, "ಹೊಸದಾ?" ಎನ್ನುತ್ತಾರೆ, ಹಲ್ಲು ಕಚ್ಚಿ ಹೌದೆನ್ನುತ್ತೇನೆ. ಕೀಲಿ ಕೊಡುವ ಗುಂಡಿಯ ಸಂದಿಯಲ್ಲಿ ಮಾತ್ರ ಮುನಿರಾಜು ಇಟ್ಟ ಕುಂಕುಮ ಚೂರು ಉಳಿದುಕೊಂಡಿದೆ. ಕಡ್ಡಿ ಹಿಡಿದು ಎರಡು ಸಲ ಕೂತೆ. ಕೆರೆದು ತೆಗೆಯಲು ಕೈ ಬರಲಿಲ್ಲ.